ಮಗ-ಸೊಸೆ ಬೇರೆಯಾಗಿದ್ದಾರೆ, ನಾನು ಸೊಸೆಗೆ ಫೋನ್ ಮಾಡಬಹುದಾ?

ಪ್ರಶ್ನೆ: ನನಗೆ 58 ವರ್ಷ. ಕಲಬುರಗಿಯವಳು. ಮನೆಯವರು ನೌಕರಿಯಿಂದ ರಿಟೈರ್ ಆಗಿದ್ದಾರೆ, ಊರಲ್ಲಿ ಸ್ವಲ್ಪ ಹೊಲ ಇದೆ. ಒಬ್ಬನೇ ಮಗ, ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ. ಏಳು ವರ್ಷದ ಹಿಂದೆ ಬೀದರ್‌ನ ಹುಡುಗಿ ತಂದೆವು. ಹುಮನಾಬಾದಿನ ಒಂದು ಮದುವೆಯಲ್ಲಿ ಅವಳನ್ನು ನೋಡಿ, ತಂದರೆ ಇವಳನ್ನೇ ತರಬೇಕು ಅಂತ ಹಟ ಹಿಡಿದವಳು ನಾನು. ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಈಗ ಎಂಟು ತಿಂಗಳಿಂದ ಸೊಸೆ ಮಗುವನ್ನು ಕರೆದುಕೊಂಡು ತವರಿನಲ್ಲಿದ್ದಾಳೆ. ಹೊಡೆತ ಬಡಿತ, ಕುಡಿತ ಏನೂ ಇಲ್ಲ. ಇಬ್ಬರನ್ನೂ ಕೇಳಿದೆ, ಇಬ್ಬರೂ ‘ನಮಗ ಹೊಂದಿಕಿ ಆಗವಲ್ದು’ ಅಂತಾರೆ, ಮುಂದೆ ಬಾಯಿ ಬಿಡುವುದಿಲ್ಲ. ಒಪ್ಪಿಕೊಂಡೇ ಡೈವೋರ್ಸ್ ತಗೊಳ್ತಾರಂತೆ. ‘ಅಕಿಗಿ ಫೋನ್ ಮಾಡಿದ್ರ ನನ್ ಜೋಡಿ ಮಾತಾಡಬ್ಯಾಡ’ ಅಂತ ಮಗ ಹೇಳಿದ್ದಾನೆ. ಮನೆಯವರು ‘ನಾವು ಹಾಕಿದ ಬಂಗಾರ ವಾಪಸ್ ತರಬೇಕು, ಹಿರಿಯರನ್ನು ಕೂಡಿಸಬೇಕು’ ಅಂತ ಪಟ್ಟು ಹಿಡಿದಿದ್ದಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಓಣಿಯಲ್ಲಿ ಯಾರಾದರೂ ಕೇಳಿದರೆ ‘ಸೊಸಿಗಿ ಬೀದರ್‌ದಾಗ ನೌಕರಿ ಹತ್ಯಾದ’ ಅಂತ ಸುಳ್ಳು ಹೇಳುತ್ತೇನೆ. ಮದುವೆ, ಕುಬಸ (ಸೀಮಂತ) ಯಾವುದಕ್ಕೂ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಮೊಮ್ಮಗಳ ಸಣ್ಣ ತಾಟು ಇದೆ, ದಿನಾ ತಿಕ್ಕಿ ಇಡುತ್ತೇನೆ. ಎಳ್ಳ ಅಮಾವಾಸ್ಯೆ ಬಂತು, ಹೊಲಕ್ಕೆ ಎಲ್ಲರೂ ಬರುತ್ತಾರೆ, ಏನು ಹೇಳಲಿ? ಸೊಸೆಗೆ ಫೋನ್ ಮಾಡಬಹುದಾ, ಬಾರದಾ? ನಾನು ಎಲ್ಲಿ ತಪ್ಪಿದೆ?

ಉತ್ತರ: ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ಎರಡೂ ಸಲ ಆ ತಾಟಿನ ಹತ್ತಿರ ಬಂದು ನಿಂತೆ. ಎಂಟು ತಿಂಗಳಿಂದ ಯಾರೂ ಉಣ್ಣದ ತಾಟನ್ನು ದಿನಾ ತಿಕ್ಕುತ್ತಿದ್ದೀರಿ, ಮನೆಯಲ್ಲಿ ಒಬ್ಬರೂ ಅದರ ಬಗ್ಗೆ ಒಂದು ಮಾತು ಕೇಳಿಲ್ಲ. ಮಗನದು ಏನಾಯ್ತು ಅಂತ ಕೇಳ್ತಾರೆ, ಬಂಗಾರ ಏನಾಯ್ತು ಅಂತ ಕೇಳ್ತಾರೆ. ನಿಮ್ಮದು ಏನಾಯ್ತು ಅಂತ ಯಾರು ಕೇಳಿದರು?

ಫೋನಿನ ವಿಷಯ ಮೊದಲು ಹೇಳಿಬಿಡ್ತೀನಿ. ಮಾಡಿ. ಖಂಡಿತ ಮಾಡಿ. ಆದರೆ ಮಗನಿಗೆ ಹೇಳಿ ಮಾಡಿ, ಕದ್ದು ಬೇಡ. ಹೇಗೆ ಹೇಳಬೇಕು, ಸೊಸೆಯ ಹತ್ತಿರ ಏನು ಮಾತಾಡಬೇಕು ಅಂತ ಮುಂದೆ ಬರೆಯುತ್ತೇನೆ. ಅದಕ್ಕೂ ಮೊದಲು ನೀವು ಸ್ವಲ್ಪ ಸುಧಾರಿಸಿಕೊಳ್ಳಬೇಕು. ಯಾಕಂದ್ರೆ ಈಗಿರುವ ಮನಸ್ಸಿನಲ್ಲಿ ಫೋನ್ ಹಚ್ಚಿದರೆ ಅವಳು ‘ಹಲೋ’ ಅಂದ ಕೂಡಲೇ ನೀವು ಅತ್ತುಬಿಡ್ತೀರಿ, ಆಮೇಲೆ ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅವಳಿಗೆ ಈಗ ಅವಳದೇ ಸಾಕಾಗಿದೆ.

ನಮ್ಮಲ್ಲಿ ಯಾರಾದರೂ ಸತ್ತರೆ ಎಲ್ಲಕ್ಕೂ ಒಂದು ಪದ್ಧತಿ ಇದೆ ಅಲ್ವಾ? ಓಣಿಯವರು ಬರ್ತಾರೆ, ಬುತ್ತಿ ತರ್ತಾರೆ, ಒಲೆ ಹಚ್ಚಲು ಬಿಡುವುದಿಲ್ಲ, ಪಕ್ಕದಲ್ಲಿ ಕೂತು ಅಳುತ್ತಾರೆ. ಮಗ-ಸೊಸೆ ಬೇರೆಯಾದರೆ ಯಾರೂ ಬುತ್ತಿ ತರುವುದಿಲ್ಲ. ಏಳು ವರ್ಷ ಮನೆಗೆ ಬಂದು ಹೋಗಿ ಮಾಡಿದ, ನಿಮ್ಮ ಬಿಪಿ ಗುಳಿಗೆ ನೆನಪಿಸುತ್ತಿದ್ದ ಒಂದು ಜೀವ ಮನೆಯಿಂದ ಹೋಗಿದೆ. ಸತ್ತಿಲ್ಲ, ರೈಲಿನಲ್ಲಿ ಮೂರು ತಾಸಿನ ದೂರದಲ್ಲಿ ಆರಾಮ ಇದ್ದಾಳೆ. ಆದರೆ ನಿಮ್ಮ ಪಾಲಿಗೆ ಇಲ್ಲ. ಇಂಥ ದುಃಖಕ್ಕೆ ಅಳಬೇಕೋ ಬೇಡವೋ ಅಂತಲೇ ಗೊತ್ತಾಗುವುದಿಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರೇ ಇದೆ, ‘ಆಂಬಿಗ್ಯುಯಸ್ ಲಾಸ್’, ಅಂದರೆ ಅರ್ಧಂಬರ್ಧ ಅಗಲಿಕೆ. ಪೌಲಿನ್ ಬಾಸ್ ಅಂತ ಅಮೆರಿಕದ ವಿದ್ವಾಂಸೆಯೊಬ್ಬರು 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡಿದರು. ಸತ್ತ ಸುದ್ದಿಯೂ ಇಲ್ಲ, ಬರುವ ಸುದ್ದಿಯೂ ಇಲ್ಲ, ಹಂಗಾಗಿ ಆ ಮನೆಗಳಲ್ಲಿ ದುಃಖ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಹೂತುಕೊಂಡಿತ್ತು. ಇಂಥ ಅರ್ಧಂಬರ್ಧ ಅಗಲಿಕೆ ಡೈವೋರ್ಸ್ ಆದ ಮನೆಗಳಲ್ಲೂ ಇರುತ್ತದೆ ಅಂತ ಅವರು ತೋರಿಸಿದರು. ಕೆನೆತ್ ಡೋಕಾ ಅನ್ನುವ ಇನ್ನೊಬ್ಬರು 1989ರಲ್ಲಿ ಬರೆದದ್ದು ಊರು ಒಪ್ಪದ ದುಃಖದ ಬಗ್ಗೆ. ನಿಮಗೆ ದುಃಖ ಇದೆ, ಆದರೆ ‘ನಿನಗ್ಯಾಕ ದುಃಖ, ಸಂಸಾರ ಮುರಿದದ್ದು ನಿನ್ನ ಮಗಂದು’ ಅಂತ ಊರು ಅನ್ನುತ್ತದೆ. ಅದಕ್ಕೇ ಅದು ಹೊರಗೆ ಬರದೆ ತಾಟು ತಿಕ್ಕುವುದರಲ್ಲಿ, ನಿದ್ದೆ ಬಿಡುವುದರಲ್ಲಿ, ಮದುವೆ ಮನೆ ತಪ್ಪಿಸುವುದರಲ್ಲಿ ಬರುತ್ತದೆ.

ಹಂಗಾಗಿ ಮೊದಲ ಕೆಲಸ ಇದು. ನೀವು ಕಳಕೊಂಡದ್ದು ಏನು ಅಂತ ನೀವೇ ಬಾಯಿಬಿಟ್ಟು ಹೇಳಿ. ತಂಗಿ ಇದ್ದರೆ ತಂಗಿಗೆ, ಇಲ್ಲದಿದ್ದರೆ ಅಪ್ಪನ ಕೆರೆಯ ಸುತ್ತ ಬೆಳಿಗ್ಗೆ ಜೊತೆಗೆ ನಡೆಯುವ ಗೆಳತಿಗೆ. ಒಬ್ಬರಿಗೆ ಸಾಕು. ‘ನನಗ ನನ್ ಸೊಸಿ ನೆನಪಾಗ್ತಾಳ’ ಅಂತ ಒಂದು ಸಲ ಜೋರಾಗಿ ಅನ್ನಿ. ಮಗನಿಗೆ ದ್ರೋಹ ಮಾಡಿದ ಹಾಗೇನೂ ಆಗುವುದಿಲ್ಲ.

ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ಈ ಪ್ರಶ್ನೆ ನನ್ನ ಕಿವಿಗೆ ಬೀಳದ ವಾರ ಇಲ್ಲ. ಮಗಳು ತಿರುಗಿ ಬಂದರೆ ‘ತಾಯಿ ಬುದ್ಧಿ ಹೇಳ್ಲಿಲ್ಲ’ ಅಂತಾರೆ, ಸೊಸೆ ಬಿಟ್ಟು ಹೋದರೆ ‘ಅತ್ತಿ ಕಾಟ ಇರಬೇಕು’ ಅಂತಾರೆ. ಎರಡೂ ಕಡೆ ಸಿಕ್ಕಿಬೀಳುವುದು ತಾಯಿಯೇ, ಅಪ್ಪಂದಿರ ಹೆಸರು ಯಾರೂ ಎತ್ತುವುದಿಲ್ಲ. ಜೇವರ್ಗಿ ಕಡೆಯ ಒಬ್ಬ ತಾಯಿ, ಮಗಳು ಮನೆಗೆ ಬಂದ ಮೇಲೆ ಮೂರು ವರ್ಷ ಶರಣಬಸವೇಶ್ವರ ಜಾತ್ರೆಗೆ ಬರಲೇ ಇಲ್ಲ. ತೇರಿಗೆ ಉತ್ತತ್ತಿ ಎಸೆಯುವಾಗ ಪಕ್ಕದಲ್ಲಿ ಬೀಗರ ಕಡೆಯವರು ಯಾರಾದರೂ ನಿಂತಿದ್ದರೆ ಅಂತ ಭಯ. ದರ್ಗಾ ಕಡೆಯಿಂದ ನನ್ನ ಹತ್ತಿರ ಬರುವ ಮುಸ್ಲಿಂ ತಾಯಂದಿರಿಗೆ ಕಾನೂನು ಬೇರೆ, ಪದಗಳು ಬೇರೆ. ಆದರೆ ಅವರೂ ಅಳು ಮುಗಿಸಿ ಕೇಳುವುದು ಇದೇ ಪ್ರಶ್ನೆ.

ಉತ್ತರ ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಹುಡುಗಿಯನ್ನು ಆರಿಸಿದ್ದು ತಪ್ಪಲ್ಲ. ನೀವು ಆರಿಸಿದ್ದು ಒಳ್ಳೆಯ ಹುಡುಗಿಯನ್ನೇ, ನಿಮ್ಮ ಪತ್ರದಲ್ಲಿ ಅವಳ ಮೇಲೆ ಒಂದು ದೂರೂ ಇಲ್ಲ. ಒಳ್ಳೆಯ ಹುಡುಗಿ, ಒಳ್ಳೆಯ ಹುಡುಗ ಇಬ್ಬರೂ ಒಂದು ಮನೆಯಲ್ಲಿ ಹೊಂದದೇ ಇರಬಹುದು. ಹೈದರಾಬಾದಿನ ಫ್ಲಾಟಿನಲ್ಲಿ ಅವರಿಬ್ಬರ ನಡುವೆ ನಡೆದದ್ದನ್ನು ಕಲಬುರಗಿಯಲ್ಲಿ ಕೂತ ನೀವು ಕೆಡಿಸಲೂ ಆಗುತ್ತಿರಲಿಲ್ಲ, ಸರಿ ಮಾಡಲೂ ಆಗುತ್ತಿರಲಿಲ್ಲ. ಆದರೂ ಒಂದು ಸಲ ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಿ. ಅಡುಗೆಯ ಬಗ್ಗೆ, ಎರಡನೇ ಮಗುವಿನ ಬಗ್ಗೆ, ಅವಳು ಕೆಲಸಕ್ಕೆ ಹೋಗುವ ಬಗ್ಗೆ ಅವಳ ಮನಸ್ಸಿಗೆ ಚುಚ್ಚುವಂಥದ್ದು ಏನಾದರೂ ಅಂದಿದ್ದರೆ, ಮುಂದೆ ಮಾತಾಡುವ ದಿನ ಬಂದಾಗ ಒಂದೇ ಸಾಲಿನಲ್ಲಿ ತಪ್ಪಾಯ್ತು ಅನ್ನಿ. ‘ಆದರ ನೀನೂ…’ ಅಂತ ಮುಂದುವರಿಸಬೇಡಿ. ಏನೂ ಅಂದಿಲ್ಲವಾದರೆ ಈ ಪ್ರಶ್ನೆಯನ್ನು ರಾತ್ರಿ ಹನ್ನೆರಡಕ್ಕೆ ದಿನಾ ಎಬ್ಬಿಸುವುದನ್ನು ಬಿಡಿ.

ಇನ್ನೊಂದು ಮಾತು. ‘ನಮ್ಮ ಮನಿತನದಾಗ ಇಂಥಾದ್ದು ನಡದೇ ಇಲ್ಲ’ ಅಂತ ಯಾರಾದರೂ ಹಿರಿಯರು ಅಂದರೆ ಸುಮ್ನೆ ನಕ್ಕುಬಿಡಿ. ನಮ್ಮ ಅಜ್ಜಿಯರ ಕಾಲದಲ್ಲಿ ಸೋಡಚೀಟಿ ಅನ್ನುವ ಪದ ಎಲ್ಲಿಂದ ಬಂತು? ಉಡಿಕಿ ಅನ್ನುವ ಪದ? ಈ ಕಡೆ ಎಷ್ಟೋ ಸಮಾಜಗಳಲ್ಲಿ ಹೊಂದದಿದ್ದರೆ ಹಿರಿಯರ ಮುಂದೆ ಸೋಡಚೀಟಿ ಬರೆದುಕೊಟ್ಟು, ಹೆಣ್ಣುಮಗಳಿಗೆ ಉಡಿಕಿ ಮಾಡಿ ಇನ್ನೊಂದು ಮನೆಗೆ ಕಳಿಸುತ್ತಿದ್ದರು. ಬೇರೆಯಾಗುವುದು ಹೈದರಾಬಾದಿನ ಆಫೀಸಿನಿಂದ ಬಂದ ರೋಗ ಅಲ್ಲ. ಆದರೆ ಈಗ ಯಾರಾದರೂ ‘ಕೋರ್ಟು ಗೀರ್ಟು ಯಾಕ, ಬಾಂಡ್ ಪೇಪರ್ ಮ್ಯಾಲ ಬರದು ಸೈ ಹಾಕಿದ್ರ ಆಯ್ತು’ ಅಂದರೆ ಒಪ್ಪಬೇಡಿ. ಒಂದು ಸಮಾಜದ ರೂಢಿಯಲ್ಲಿ ಡೈವೋರ್ಸ್ ಇದ್ದರೆ ಅದಕ್ಕೆ 1955ರ ಹಿಂದೂ ವಿವಾಹ ಕಾಯ್ದೆ ಜಾಗ ಬಿಟ್ಟಿದೆ ನಿಜ, ಆದರೆ ಆ ರೂಢಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬರೀ ಬಾಂಡ್ ಪೇಪರ್ ನಂಬಿ ಮಗ ನಾಳೆ ಇನ್ನೊಂದು ಮದುವೆಯಾದರೆ ಅದು ಅಪರಾಧವೇ ಆಗಬಹುದು. ಹಾಗೇ ನಿಮ್ಮ ನಾದಿನಿಯರೋ ಅಕ್ಕತಂಗಿಯರೋ ಈಗಾಗಲೇ ಹುಡುಗಿ ಫೋಟೋ ಕಳಿಸುತ್ತಿದ್ದರೆ, ಕಳಿಸಿಯೇ ಇರ್ತಾರೆ, ತೀರ್ಪು ಆಗುವವರೆಗೂ ಆ ಮಾತು ಮನೆಯೊಳಗೆ ಬರಬಾರದು ಅಂತ ಹೇಳಿಬಿಡಿ.

ಈಗ ಬಂಗಾರ ಮತ್ತು ಹಿರಿಯರ ಬೈಠಕ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕಂದ್ರೆ ಮನೆಗಳು ನಿಜವಾಗಿ ಹಾಳಾಗುವುದು ಇಲ್ಲಿ.

ಸೊಸೆಯ ತವರಿನವರು ಹಾಕಿದ ಬಂಗಾರ ಅವಳದು. ನೀವು ಅವಳಿಗೆ ಅಂತ ಕೊಟ್ಟದ್ದೂ ಅವಳದೇ. ಮದುವೆಯಲ್ಲಿ, ಮದುವೆಗೆ ಮುಂಚೆ, ಆಮೇಲೆ ಹೆಣ್ಣುಮಗಳಿಗೆ ಉಡುಗೊರೆಯಾಗಿ ಬಂದದ್ದು ಸ್ತ್ರೀಧನ. ಅದರ ಪೂರ್ತಿ ಒಡತಿ ಅವಳೇ, ಗಂಡನ ಮನೆಯಲ್ಲಿ ಇಟ್ಟಿದ್ದರೆ ಅದು ಬರೀ ನಂಬಿ ಇಟ್ಟ ಗಂಟು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗಳು ಅಧಿಕಾರ ಕೊಡದೆ ಅವಳ ಅಪ್ಪ ಕೂಡ ಅವಳ ಪರವಾಗಿ ಸ್ತ್ರೀಧನ ಕೇಳುವ ಹಾಗಿಲ್ಲ ಅಂದಿತು. ಹೆತ್ತ ಅಪ್ಪನಿಗೇ ಆ ಹಕ್ಕಿಲ್ಲ, ಇನ್ನು ಮಾವನಿಗೆ ಎಲ್ಲಿಂದ ಬರಬೇಕು? ನಿಮ್ಮ ಮನೆಯವರಿಗೆ ಇದನ್ನು ನೀವು ಹೇಳಿದರೆ ಕೇಳದೇ ಇರಬಹುದು. ಒಬ್ಬ ವಕೀಲರ ಬಾಯಿಂದ ಹೇಳಿಸಿ. ಒಪ್ಪಿಗೆಯ ಡೈವೋರ್ಸಿನಲ್ಲಿ ಯಾರಿಗೆ ಏನು ಅಂತ ಅವರಿಬ್ಬರೇ ಮಾತಾಡಿ ಬರೆದುಕೊಳ್ಳುತ್ತಾರೆ. ಅಲ್ಲಿ ಅವಳು ತಾನಾಗಿ ಏನಾದರೂ ಹಿಂದಿರುಗಿಸಿದರೆ ಅದು ಅವಳ ಮನಸ್ಸು.

ಆದರೆ ನಿಮ್ಮ ಮನೆಯವರನ್ನು ಬರೀ ಹಟಮಾರಿ ಅಂತ ನೋಡಬೇಡಿ. ನಾನು ನೋಡಿದ ಎಷ್ಟೋ ಅಪ್ಪಂದಿರು ಅಳುವ ಬದಲು ಬಂಗಾರದ ಲೆಕ್ಕ ಹಾಕುತ್ತಾರೆ. ಎಷ್ಟು ತೊಲ, ಯಾವ ಅಂಗಡಿ, ಆಗ ರೇಟ್ ಎಷ್ಟಿತ್ತು, ಎಲ್ಲ ಬಾಯಿಪಾಠ ಇರುತ್ತದೆ. ಮೊಮ್ಮಗಳನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದ ಮನುಷ್ಯ ‘ನನಗ ಕೂಸು ನೆನಪಾಗ್ಲಕತ್ತದ’ ಅಂತ ಬಾಯಿಬಿಟ್ಟು ಅನ್ನಲಾರ, ‘ಬಂಗಾರ ತರಬೇಕು’ ಅನ್ನುತ್ತಾನೆ. ಒಂದು ರಾತ್ರಿ ಊಟ ಆದ ಮೇಲೆ ಬಂಗಾರದ ಮಾತು ಬಂದಾಗ ವಾದ ಮಾಡದೆ ‘ನಿಮಗೂ ಕೂಸಿನ ನೆನಪು ಬರ್ತದೇನ್ರಿ?’ ಅಂತ ಕೇಳಿ ನೋಡಿ. ಸಿಟ್ಟು ಮಾಡಿಕೊಂಡು ಎದ್ದು ಹೋಗಬಹುದು. ಹೋಗಲಿ, ಕೇಳಿದ್ದು ಕಿವಿಗೆ ಬಿದ್ದಿರುತ್ತದೆ.

ಬೈಠಕ್ ಬಗ್ಗೆ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಈ ಕೆಲಸಕ್ಕೆ ಬಂದ ಹೊಸತರಲ್ಲಿ, ನಿಮ್ಮಂಥದೇ ಒಂದು ಮನೆಗೆ ‘ಎರಡೂ ಕಡೆ ಹಿರಿಯರನ್ನು ಕೂಡಿಸಿ, ಎಲ್ಲ ಸರಿಯಾಗುತ್ತದೆ’ ಅಂತ ಸಲಹೆ ಕೊಟ್ಟೆ. ನಾನೂ ಹೋಗಿ ಕೂತೆ. ಜಮಖಾನೆ ಮೇಲೆ ಇಪ್ಪತ್ತು ಜನ ಗಂಡಸರು, ಹುಡುಗಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳು ಮುಂಜಾನೆ ಎಷ್ಟಕ್ಕೆ ಏಳುತ್ತಿದ್ದಳು ಅಂತ ಒಬ್ಬರು ಕೇಳಿದರು. ಅವನ ಪಗಾರ ಎಷ್ಟು ಅಂತ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಮದುವೆಯಲ್ಲಿ ಬೀಗರಿಗೆ ಚಹಾ ಸರಿಯಾಗಿ ಕೊಡಲಿಲ್ಲ ಅನ್ನುವ ಮಾತಿಗೆ ಬಂದು ಮುಟ್ಟಿತು, ಚಪ್ಪಲಿ ಹಾಕಿಕೊಂಡು ಎರಡೂ ಕಡೆಯವರು ಎದ್ದರು. ಅಲ್ಲಿಯವರೆಗೂ ಆ ಹುಡುಗ ಹುಡುಗಿ ಮಗುವಿನ ಸಲುವಾಗಿ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಆ ದಿನದಿಂದ ಅದೂ ನಿಂತಿತು. ಆಮೇಲೆ ನಾನು ಯಾರಿಗೂ ಬೈಠಕ್ ಹೇಳಿಲ್ಲ. ಕೂಡಿಸಲೇಬೇಕು ಅಂದರೆ ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು, ಹುಡುಗ ಹುಡುಗಿ ಇಬ್ಬರೂ ಒಪ್ಪಿದವರು, ಅದೂ ಮಗುವಿನ ಮತ್ತು ಖರ್ಚಿನ ಮಾತಿಗೆ ಮಾತ್ರ.

ಕೋರ್ಟಿನ ಲೆಕ್ಕ ಸ್ವಲ್ಪ ಗೊತ್ತಿದ್ದರೆ ನಿಮ್ಮ ಮನಸ್ಸಿಗೆ ನೆಮ್ಮದಿ. ಒಪ್ಪಿಗೆಯ ಡೈವೋರ್ಸಿಗೆ ಅರ್ಜಿ ಹಾಕಬೇಕಾದರೆ ಇಬ್ಬರೂ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ನಿಮ್ಮವರದು ಎಂಟು ತಿಂಗಳಾಗಿದೆ, ಅಂದರೆ ಇನ್ನೂ ಅರ್ಜಿಯೇ ಹಾಕಿರಲಾರರು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಬಿಟ್ಟು ಕೋರ್ಟ್ ಕರೆಯುತ್ತದೆ, ಮನಸ್ಸು ಬದಲಾದೀತು ಅಂತ ಕೊಟ್ಟ ಸಮಯ ಅದು. ಎಲ್ಲ ಮಾತುಕತೆ ಮುಗಿದು, ಕೂಡುವ ದಾರಿಯೇ ಇಲ್ಲ ಅಂತಾದರೆ ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫ್ಯಾಮಿಲಿ ಕೋರ್ಟಿನಲ್ಲಿ ರಾಜಿಗೆ ಒಂದು ಪ್ರಯತ್ನ ಆಗಿಯೇ ಆಗುತ್ತದೆ, 1984ರ ಕಾಯ್ದೆಯಲ್ಲೇ ಅದು ಇದೆ. ತೀರ್ಪು ಬರುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತಗೊಳ್ಳಬಹುದು.

ಇದನ್ನು ಓದಿ ‘ಹಾಗಾದರೆ ಇನ್ನೂ ಕೂಡಬಹುದು’ ಅಂತ ನಿಮ್ಮ ಎದೆ ಹೊಡಕೊಂಡಿತಲ್ವಾ? ಗೊತ್ತು ನನಗೆ. ಕೂಡಬಹುದು, ಕೂಡದೇ ಇರಬಹುದು. ಆ ಆಸೆ ಇಟ್ಟುಕೊಳ್ಳಿ, ಬೇಡ ಅನ್ನಲ್ಲ, ಆದರೆ ಅದರ ಕೆಲಸ ನೀವು ಮಾಡಲು ಹೋಗಬೇಡಿ. ಗಾಣಗಾಪುರಕ್ಕೆ ಹೋಗಿ ಹರಕೆ ಹೊತ್ತು ಬರುವುದು ನಿಮ್ಮ ಮತ್ತು ದತ್ತಾತ್ರೇಯನ ನಡುವಿನ ವಿಷಯ. ಮಗನಿಗೆ ಫೋನ್ ಮಾಡಿ ‘ಹರಕಿ ಹೊತ್ತೀನಿ, ನೀ ಹೋಗಿ ಕರ್ಕೊಂಡ್ ಬಾ’ ಅನ್ನುವುದು ಒತ್ತಾಯ. (ಹೊಡೆತ ಬಡಿತ ಇಲ್ಲ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಸಾವಕಾಶ ಬರೆಯುತ್ತಿದ್ದೇನೆ. ಇದ್ದಿದ್ದರೆ ಕೂಡುವ ಮಾತೇ ಎತ್ತುತ್ತಿರಲಿಲ್ಲ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, 181 ಮಹಿಳಾ ಸಹಾಯವಾಣಿ ಅಂತ ಶುರು ಮಾಡುತ್ತಿದ್ದೆ.)

ಮಗನ ವಿಷಯ. ಅವನು ಯಾಕೆ ಸಿಟ್ಟಾಗಿದ್ದಾನೆ ಅಂದರೆ, ನೀವು ಅವಳಿಗೆ ಫೋನ್ ಮಾಡಿದರೆ ಅವಳದೇ ಸರಿ ಅಂತ ನೀವು ತೀರ್ಪು ಕೊಟ್ಟಂತೆ ಅಂತ ಅವನಿಗೆ ಅನ್ನಿಸುತ್ತದೆ. ಅವನಿಗೂ ಭಯ ಇದೆ, ಹೆಂಡತಿ ಹೋದಳು, ಮಗು ಹೋಯಿತು, ಈಗ ಅವ್ವನೂ ಆ ಕಡೆ ಹೋಗ್ತಾಳಾ ಅಂತ. ಹಂಗಾಗಿ ಫೋನಿನಲ್ಲಿ ಹೇಳಬೇಡಿ. ಅವನು ಊರಿಗೆ ಬಂದಾಗ, ರೊಟ್ಟಿ ಬಡಿಯುವಾಗಲೋ, ಅವನು ಪುಂಡಿ ಪಲ್ಯ ಹಚ್ಚಿಕೊಂಡು ಉಣ್ಣುವಾಗಲೋ, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿ. ಎದುರುಬದುರು ಕೂತು ಹೇಳುವುದಕ್ಕಿಂತ ಅದು ಇಬ್ಬರಿಗೂ ಸಲೀಸು. ‘ನೀವಿಬ್ರು ಕೂಡಿರ್ರಿ ಅಂತ ನಾ ಹೇಳೂದಿಲ್ಲ. ಯಾರ್ದು ತಪ್ಪು ಅಂತ ಕೇಳೂದಿಲ್ಲ. ಆದರ ಕೂಸಿಗಿ ನಾ ಆಯಿ. ಅಕಿ ಜೋಡಿ ಮಾತಾಡ್ತೀನಿ. ನಿನ್ನ ವಿಷಯ ಅಲ್ಲಿ ಹೇಳೂದಿಲ್ಲ, ಅಲ್ಲಿಂದು ಇಲ್ಲಿ ತರೂದಿಲ್ಲ. ನಿನಗ ಗೊತ್ತಿರ್ಲಿ ಅಂತ ಹೇಳಿನಿ.’ ಅಷ್ಟೇ. ಅವನು ಎದ್ದು ಹೋದರೂ ರೊಟ್ಟಿ ಬಡಿಯುವುದು ನಿಲ್ಲಿಸಬೇಡಿ.

ಅಲ್ಲಿಂದು ಇಲ್ಲಿ ತರೂದಿಲ್ಲ ಅಂದಿರಲ್ಲ, ಅದನ್ನು ನಿಜವಾಗಿ ಪಾಲಿಸುವುದು ಕಷ್ಟ. ಅವನು ಒಂದು ದಿನ ತಾನಾಗಿ ಕೇಳುತ್ತಾನೆ, ‘ಏನಂದ್ಲು?’ ಅಂತ. ಬಾಯಿ ತುರಿಸುತ್ತದೆ. ‘ಕೂಸು ಆರಾಮದ, ನಿನಗ ಬೇಕಂದ್ರ ನೀನೇ ಕೇಳು’ ಅಂತಷ್ಟೇ ಅನ್ನಿ.

ಅವನ ಜೊತೆ ಬೇರೆ ದಿನಗಳಲ್ಲಿ ಡೈವೋರ್ಸ್ ಬಿಟ್ಟು ಮಾತಾಡಿ. ದಿನಾ ‘ಏನಾತು, ವಕೀಲ ಏನಂದ’ ಅಂತ ಕೇಳಿದರೆ ಅವನು ಫೋನ್ ಎತ್ತುವುದು ಕಡಿಮೆ ಮಾಡುತ್ತಾನೆ. ಊಟ ಆಯ್ತಾ, ನಿದ್ದೆ ಬರ್ತದಾ, ಭಾನುವಾರ ಯಾರ ಜೊತೆ ಇದ್ದಿ, ಇಷ್ಟು ಸಾಕು.

ಇನ್ನು ಸೊಸೆಗೆ. ಒಮ್ಮೆಲೇ ಫೋನ್ ಹಚ್ಚಬೇಡಿ, ಅವಳು ಅಪ್ಪ ಅಮ್ಮನ ಮುಂದೆ ಕೂತಿರಬಹುದು. ಮೊದಲು ವಾಟ್ಸಾಪ್‌ನಲ್ಲಿ ಒಂದು ಧ್ವನಿ ಮೆಸೇಜ್ ಕಳಿಸಿ. ಅವಳನ್ನು ಮನೆಯ ಗ್ರೂಪಿನಿಂದ ಯಾರಾದರೂ ತೆಗೆದುಹಾಕಿದ್ದರೆ, ಸಾಮಾನ್ಯವಾಗಿ ಯಾರೋ ಅತಿ ಬುದ್ಧಿವಂತ ಅಣ್ತಮ್ಮ ತೆಗೆದೇ ಇರ್ತಾನೆ, ಅದರ ನೋವು ಅವಳಿಗೆ ಇರುತ್ತದೆ. ನೀವು ಹೇಳಬೇಕಾದದ್ದು ಇಷ್ಟು: ‘ಯವ್ವಾ, ನಾನು. ನಿಮ್ಮಿಬ್ಬರ ವಿಷಯ ಮಾತಾಡ್ಲಿಕ್ಕ ಅಲ್ಲ. ಕೂಸಿನ ಧ್ವನಿ ಕೇಳಬೇಕನಸ್ತು. ನಿನಗ ಅನುಕೂಲ ಇದ್ದಾಗ ಐದ್ ನಿಮಿಷ ಮಾತಾಡಸು. ಆಗಲ್ಲಂದ್ರೂ ನಡೀತದ, ನನಗ ಬ್ಯಾಸರಿಲ್ಲ.’ ಆಮೇಲೆ ಫೋನ್ ಉಲ್ಟಾ ಇಟ್ಟು ಕೆಲಸ ಮಾಡಿಕೊಳ್ಳಿ. ನೀಲಿ ಗೆರೆ ಬಂತಾ ಅಂತ ಹತ್ತು ಸಲ ನೋಡಬೇಡಿ, ನೋಡ್ತೀರಿ ಅಂತ ಗೊತ್ತು, ಆದರೂ ಹೇಳಿದೆ. ಉತ್ತರ ಬರದಿದ್ದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಬೀಗತಿಗೆ ಫೋನ್ ಮಾಡಿ ದೂರು ಹೇಳಬೇಡಿ.

ಮೊಮ್ಮಗಳು ಫೋನಿಗೆ ಬಂದಾಗ ಏನು ಕೇಳಬಾರದು ಅಂತ ಗೊತ್ತಿರಬೇಕು. ‘ಯಾವಾಗ ಬರ್ತಿ ನಮ್ಮ ಮನಿಗಿ?’ ಅಂತ ಕೇಳಬಾರದು, ಅದು ಅವಳ ಕೈಯಲ್ಲಿಲ್ಲ. ‘ಅವ್ವ ಅಳ್ತಾಳೇನು?’ ಅಂತ ಕೇಳಬಾರದು. ‘ಪಪ್ಪನ ನೆನಪಾಗ್ತದೇನು?’ ಅಂತಲೂ ಬೇಡ. ನಾಲ್ಕು ವರ್ಷದ ಮಗು ಯಾರು ಏನು ಕೇಳಿದರೆ ಯಾರಿಗೆ ಸಿಟ್ಟು ಬರುತ್ತದೆ ಅಂತ ಬಹಳ ಬೇಗ ಕಲಿತುಬಿಡುತ್ತದೆ, ಆಮೇಲೆ ಎಲ್ಲರಿಗೂ ‘ಹ್ಞೂಂ’ ಅನ್ನುತ್ತದೆ. ಬೆಕ್ಕು ಮರಿ ಹಾಕಿದೆ, ತೊಗರಿ ಹೂ ಬಿಟ್ಟಿತ್ತು ಈಗ ಕಾಯಿ ಆಗಿದೆ, ನಿನ್ನ ತಾಟು ಇಲ್ಲೇ ಇದೆ, ಇಂಥದ್ದು ಹೇಳಿ. ಅದಾಗಿ ‘ಪಪ್ಪ, ಅವ್ವ ಯಾಕ ಕೂಡ ಇರಲ್ಲ?’ ಅಂತ ಕೇಳಿದರೆ, ‘ಅವರಿಬ್ಬರಿಗೂ ನಿನ್ನ ಮ್ಯಾಲ ಜೀವ. ಬ್ಯಾರೆ ಬ್ಯಾರೆ ಮನ್ಯಾಗ ಇರ್ತಾರ’ ಅಂದರೆ ಸಾಕು, ಮಗು ಮುಂದಿನ ಆಟಕ್ಕೆ ಹೋಗುತ್ತದೆ.

ಮಗು ಯಾರ ಹತ್ತಿರ ಇರಬೇಕು ಅನ್ನುವುದಕ್ಕೆ ಜಗಳ ಆಡಬೇಡಿ. ಹಿಂದೂ ಮಕ್ಕಳ ಪಾಲನೆಯ 1956ರ ಕಾಯ್ದೆ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರವೇ, ಆಮೇಲೂ ಕೋರ್ಟ್ ಮೊದಲು ನೋಡುವುದು ಮಗುವಿನ ಹಿತ. ಆದರೆ ಒಂದು ಕೆಲಸ ಈಗಲೇ ಮಾಡಿಸಬಹುದು, ಇದನ್ನು ಬಹಳ ಮನೆಗಳಲ್ಲಿ ಮರೆತುಬಿಡುತ್ತಾರೆ. ಒಪ್ಪಿಗೆಯ ಅರ್ಜಿಯಲ್ಲಿ ಮಗುವನ್ನು ಯಾವಾಗ, ಎಲ್ಲಿ ಭೇಟಿ ಮಾಡುವುದು ಅಂತ ಬರೆಯುತ್ತಾರಲ್ಲ, ಅಲ್ಲಿ ‘ತಂದೆ’ ಅಂತಷ್ಟೇ ಬರೆಯುವ ಬದಲು ‘ತಂದೆ ಹಾಗೂ ಅಜ್ಜ-ಅಜ್ಜಿ’ ಅಂತ ಸೇರಿಸಲು ಮಗನಿಗೆ ಹೇಳಿ. ತಿಂಗಳಲ್ಲಿ ಎಷ್ಟು ಭಾನುವಾರ, ದಸರಾ ರಜೆಯಲ್ಲಿ ಎಷ್ಟು ದಿನ, ಬೇಸಿಗೆಯಲ್ಲಿ ಎಷ್ಟು ದಿನ, ವಾರಕ್ಕೆ ಎಷ್ಟು ವಿಡಿಯೊ ಕಾಲ್ ಅಂತ ದಿನ ಲೆಕ್ಕ ಹಾಕಿ ಬರೆದರೆ ಮುಂದೆ ಜಗಳ ಕಡಿಮೆ. ‘ಅನುಕೂಲ ನೋಡಿ’ ಅಂತ ಬರೆದರೆ ಯಾರ ಅನುಕೂಲ ಅಂತ ಆಮೇಲೆ ಹೊಡೆದಾಟ. ಬೀದರ್-ಕಲಬುರಗಿ ರೈಲು ದಾರಿ 2017ರಲ್ಲಿ ಆದದ್ದು ನಿಮ್ಮಂಥವರಿಗೆ ದೊಡ್ಡ ಉಪಕಾರ. ಸುಮಾರು 110 ಕಿಲೋಮೀಟರ್. ಮುಂಜಾನೆ ಹೋಗಿ ಮಗುವನ್ನು ಒಂದು ಪಾರ್ಕಿನಲ್ಲೋ, ಅವಳು ಒಪ್ಪಿದರೆ ಅವರ ಮನೆಯಲ್ಲೋ ನೋಡಿಕೊಂಡು ಸಂಜೆಗೆ ತಿರುಗಿ ಬರಬಹುದು. ಬೀಗರ ಮನೆಯ ಮೆಟ್ಟಿಲು ಹತ್ತುವುದು ಹೇಗೆ ಅಂತ ಅನ್ನಿಸಿದರೆ ಮೊದಲ ಸಲ ಹೊರಗೆ ಎಲ್ಲಾದರೂ ಭೇಟಿಯಾಗಿ.

ಓಣಿಗೆ ಹೇಳುವ ಸುಳ್ಳು ನಿಲ್ಲಿಸಿ. ನೌಕರಿ ಹತ್ಯಾದ ಅಂದರೆ ನಾಳೆ ಯಾವ ಆಫೀಸು ಅಂತಾರೆ, ನಾಡಿದ್ದು ಪಗಾರ ಎಷ್ಟು ಅಂತಾರೆ. ಅವರಿಗೆ ವಿಷಯ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಗೊತ್ತಿದೆ. ನಿಮ್ಮ ಬಾಯಿಂದ ಕೇಳಬೇಕು ಅಷ್ಟೇ. ‘ಇಬ್ರೂ ಬ್ಯಾರೆ ಆಗ್ಯಾರ್ರಿ. ಇಬ್ರೂ ಆರಾಮ ಇದ್ದಾರ.’ ಇಷ್ಟು ಹೇಳಿ ಬಾಯಿ ಮುಚ್ಚಿ. ಯಾಕಂತ ಕೇಳಿದರೆ ‘ಅವರಿಗೇ ಗೊತ್ರಿ. ಈ ಸಲ ತೊಗರಿ ರೇಟ್ ಎಷ್ಟದ?’ ಅನ್ನಿ. ಕಲಬುರಗಿಯಲ್ಲಿ ತೊಗರಿ ರೇಟಿನ ಮಾತು ಎತ್ತಿದರೆ ಯಾರೂ ಹಿಂದಿನ ಮಾತಿಗೆ ಹೋಗುವುದಿಲ್ಲ. ಮೊದಲ ಮೂರು ನಾಲ್ಕು ಸಲ ಎದೆ ಡವಡವ ಅನ್ನುತ್ತದೆ, ಆಮೇಲೆ ರೂಢಿಯಾಗುತ್ತದೆ. ಜೇವರ್ಗಿಯ ಆ ತಾಯಿ ನಾಲ್ಕನೇ ವರ್ಷ ಮಗಳನ್ನೇ ಕರೆದುಕೊಂಡು ತೇರಿಗೆ ಬಂದರು. ಬೀಗರ ಕಡೆಯವರು ಸಿಕ್ಕರು ಕೂಡ. ‘ಆರಾಮೇನ್ರಿ’ ಅಂದರು, ಇವರೂ ‘ಆರಾಮ್ರಿ’ ಅಂದರು, ಅಷ್ಟೇ ಆದದ್ದು.

ನಿದ್ದೆಯನ್ನು ಮಾತ್ರ ಹಗುರ ಮಾಡಬೇಡಿ. ನಿಮ್ಮ ವಯಸ್ಸಿನಲ್ಲಿ ನಿದ್ದೆ ಹೋದರೆ ಬಿಪಿ, ಶುಗರ್ ಎರಡೂ ಏರಬಹುದು, ಒಮ್ಮೆ ತೋರಿಸಿಕೊಂಡು ಬನ್ನಿ. ಎರಡು ವಾರಕ್ಕಿಂತ ಜಾಸ್ತಿ ದಿನ ಊಟ ರುಚಿಸದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಇದ್ದೇನು ಉಪಯೋಗ ಅಂತ ಅನ್ನಿಸಿದರೆ ಅದು ಬರೀ ಚಿಂತೆ ಅಲ್ಲ, ಕಾಯಿಲೆ ಇರಬಹುದು. ಔಷಧ ಇದೆ. ಟೆಲಿ-ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ರಾತ್ರಿ ಮೂರಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಲು ನಾಚಿಕೆಯಾದರೆ ಇಲ್ಲಿಂದ ಶುರು ಮಾಡಿ. ಕಾನೂನಿನ ಮಾತಿಗೆ 15100 ಸಹಾಯವಾಣಿ ಇದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ನಿಮಗೂ, ನಿಮ್ಮ ಸೊಸೆಗೂ.

ಕೊನೆಗೆ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ. ತಪ್ಪಿಸಬೇಡಿ. ಕಾಳು-ಕಾಯಿಪಲ್ಯದ ಭಜ್ಜಿ ಮಾಡಿ, ಸಜ್ಜೆ ರೊಟ್ಟಿ ಮಾಡಿ, ಆದರೆ ಹೋದ ವರ್ಷದಷ್ಟೇ ಮಾಡಲೇಬೇಕು ಅಂತ ನಸುಕಿನ ಮೂರಕ್ಕೆ ಎದ್ದು ಒಬ್ಬರೇ ಸಾಯಬೇಡಿ. ಅವಳು ಹೋದ ವರ್ಷ ಕಾಯಿಪಲ್ಯ ಸೋಸಿಕೊಟ್ಟಿರುತ್ತಾಳೆ, ಕಡುಬು ಹಿಸುಕಿಕೊಟ್ಟಿರುತ್ತಾಳೆ, ಆ ಕೈ ಇಲ್ಲ ಅಂತ ಬುಟ್ಟಿ ಕಟ್ಟುವಾಗ ನೆನಪಾಗುತ್ತದೆ. ತಂಗಿಯನ್ನೋ ಓಣಿಯ ಗೆಳತಿಯನ್ನೋ ಹಿಂದಿನ ರಾತ್ರಿಯೇ ಕರೆದುಕೊಳ್ಳಿ. ಚರಗ (ಹೊಲಕ್ಕೆ ಅರ್ಪಿಸುವ ನೈವೇದ್ಯ) ಚೆಲ್ಲಲು ಮಗ ಬಂದರೆ ಅವನು ಚೆಲ್ಲಲಿ, ಬರದಿದ್ದರೆ ನಿಮ್ಮ ಮನೆಯವರು. ಗಿಡದ ಕೆಳಗೆ ಉಣ್ಣಲು ಕೂತಾಗ ಯಾರಾದರೂ ‘ಸೊಸಿ ಎಲ್ಲಿ?’ ಅಂದರೆ ಹೇಳಬೇಕಾದದ್ದು ಮೇಲೆಯೇ ಬರೆದಿದ್ದೇನೆ, ತೊಗರಿ ಅಲ್ಲೇ ಕಣ್ಣ ಮುಂದೆ ನಿಂತಿರುತ್ತದೆ.

ಬೀದರ್‌ಗೆ ಶೇಂಗಾ ಹೋಳಿಗೆ ಕಳಿಸಬೇಕು ಅಂತ ನಿಮಗೆ ಅನ್ನಿಸಿಯೇ ಅನ್ನಿಸುತ್ತದೆ. ಮೊದಲು ಅವಳನ್ನು ಕೇಳಿ. ಹ್ಞೂಂ ಅಂದರೆ ಐದೇ ಐದು ಹೋಳಿಗೆ ಒಂದು ಡಬ್ಬಿಯಲ್ಲಿ ಹಾಕಿ, ಆ ಸಣ್ಣ ತಾಟನ್ನೂ ಜೊತೆಗೆ ಕಟ್ಟಿ.